ನೋಲಾ ಕೊರೆದ ಹೆಡ್ಡುಗಳು

ಬ್ರಾನಿಗನ್‌ನ ಲಾರಿಗಳು ಬಂದಾಗ ಸಾಲಿನಲ್ಲಿ ನೋಲಾ ಹ್ಯಾಸ್ಕೆಟ್‌ಳ ಮುಂದೆ ಇನ್ನೂ ಇಪ್ಪತ್ತಾರು ಗಾಡಿಗಳಿದ್ದವು. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಮೇಲಿನಿಂದಲೂ ಹೊಡೆಯುತ್ತಿತ್ತು, ಕೆಳಗಿನ ಉಪ್ಪಿನಿಂದ ಎದ್ದು ಗಲ್ಲದ ಅಡಿಗೂ ಹೊಡೆಯುತ್ತಿತ್ತು. ವೇಗದ ದಾಖಲೆಗಾಗಿ ಗಾಡಿ ಓಡಿಸುವ ಬಾನ್‌ವಿಲ್‌ನ ಆ ಉಪ್ಪಿನ ಬಯಲಿನಲ್ಲಿ ಮೂಗಿನ ಹೊಳ್ಳೆಯೊಳಗೂ ಕ್ರೀಮು ಬಳಿದುಕೊಳ್ಳದವನು ಹೊಸಬ ಎಂದೇ ಲೆಕ್ಕ. ನೋಲಾ ಬಳಿದುಕೊಂಡಿದ್ದಳು. ಬೆಂಕಿ ತಡೆಯುವ ದಪ್ಪ ಅಂಗಿಯನ್ನು ಸೊಂಟದವರೆಗೆ ಇಳಿಸಿಕೊಂಡು, ಮಡಚುವ ಕುರ್ಚಿಯಲ್ಲಿ ಕೊಡೆಯ ನೆರಳಿಗೆ ಕೂತು, ಡಬ್ಬಿಯಿಂದ ಪೀಚ್ ಹಣ್ಣಿನ ಹೋಳು ತಿನ್ನುತ್ತಿದ್ದಳು.

ನಾಲ್ಕು ಲಾರಿ. ನಾಲ್ಕರ ಮೇಲೂ ಆಳೆತ್ತರಕ್ಕೆ ಟ್ರೆಂಟ್ ಬ್ರಾನಿಗನ್‌ನ ಮುಖ, ಕೈಯಲ್ಲೊಂದು ಸ್ಪ್ಯಾನರು. ಕೆಳಗೆ ದಪ್ಪಕ್ಷರದಲ್ಲಿ ಅವನ ಟೀವಿ ಕಾರ್ಯಕ್ರಮದ ಹೆಸರು: ತುಕ್ಕು-ಗುಡುಗು.

"ಬಂತು ನೋಡು ಮದುವೆ ದಿಬ್ಬಣ," ಎಂದ ಅವಳ ತಂಡದ ಮುದುಕ ಆರ್ವಿಡ್. "ಸ್ಪ್ಯಾನರು ಹೆಂಗ್ ಹಿಡ್ಕೊಂಡಿದಾನೆ ನೋಡು, ಸೌಟು ಹಿಡಿದಂಗೆ. ಮದುಮಗ ಎಲ್ಲಪ್ಪಾ? ಒಳಗೆ ಪೌಡರ್ ಹಾಕಿಸ್ಕೊಳ್ತಿರ್ಬೇಕು."

ಹಿಂದೆ ನಿಂತಿದ್ದ ಫ್ರೆಸ್ನೋದ ಬೈಕಿನವನು ನಕ್ಕ. "ಏನೇ ಅನ್ನಿ ಯಜಮಾನ್ರೆ, ಅವನ ಕಾರ್ಯಕ್ರಮ ನೋಡ್ಕೊಂಡೇ ನನ್ ಮಗಳು ವೆಲ್ಡಿಂಗ್ ಕಲ್ತಿದ್ದು."

"ಕಲ್ತಳಲ್ಲ, ಒಳ್ಳೇದಾಯ್ತು. ಅವನಿಗೂ ಸ್ವಲ್ಪ ಹೇಳ್ಕೊಡು ಅನ್ನು."

"ಒಂದು ವಾರದಲ್ಲಿ ಇಡೀ ಕಾರು ಕಟ್ತಾರಂತೆ," ಎಂದ ಮುಂದಿನ ಗಾಡಿಯವನು. "ನನ್ನ ಮೊದಲ್ನೇ ಮದುವೆ ಮುರಿಯೋಕೂ ಅದಕ್ಕಿಂತ ಹೆಚ್ಚು ದಿನ ಬೇಕಾಯ್ತು."

ಸಾಲಿನಲ್ಲಿ ಹೀಗೆ ಮಾತು ಹಬ್ಬಿತು. ಟೀವಿಯವರು ಬಂದ ಮೇಲೆ ಪಕ್ಕದೂರು ವೆಂಡೋವರ್‌ನಲ್ಲಿ ರೂಮು ಸಿಗುವುದಿಲ್ಲ ಎಂದನೊಬ್ಬ. ಅವರು ಬಂದಿದ್ದರಿಂದಲೇ ಉಪ್ಪು ವರ್ಷವರ್ಷ ತೆಳ್ಳಗಾಗುತ್ತಿರುವ ಸುದ್ದಿ ನಾಲ್ಕು ಜನರ ಕಿವಿಗೆ ಬಿತ್ತು ಎಂದ ಇನ್ನೊಬ್ಬ. ನಲವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನ ಹೆಸರು ಯಾರಿಗೂ ಗೊತ್ತಿಲ್ಲ, ನಿನ್ನೆ ಬಂದವನ ಟೋಪಿಗೆ ಜನ ಮುಗಿಬೀಳುತ್ತಾರೆ ಎಂದು ಮೂರನೆಯವನು ಉಪ್ಪಿನ ಮೇಲೆ ಉಗಿದ. ಎಲ್ಲಕ್ಕೂ ಆರ್ವಿಡ್‌ನದು ಒಗ್ಗರಣೆ.

ನೋಲಾ ಡಬ್ಬಿ ಮುಚ್ಚಿದಳು. "ಉಪ್ಪು ಯಾರಪ್ಪನ ಮನೆ ಆಸ್ತೀನೂ ಅಲ್ಲ ಬಿಡ್ರೋ. ನಮ್ಮಂಗೆ ಸಾಲಲ್ಲಿ ನಿಂತ್ರೆ ಆಯ್ತು."

"ನೀನು ಹಿಂಗೇ. ನಾಳೆ ಅವನು ನಿನ್ನ ತಲೆ ಮೇಲೆ ಹತ್ತಿದ್ರೂ ಕೂತ್ಕೋಪ್ಪಾ ಅಂತೀಯ," ಎಂದ ಆರ್ವಿಡ್.

ಬ್ರಾನಿಗನ್ ಸಾಲಿನಲ್ಲಿ ನಿಂತ. ಅದನ್ನು ಹೇಳಲೇಬೇಕು. ತನ್ನ ಸರದಿಗೆ ಅವನು ಮೂರೂವರೆ ಗಂಟೆ ಕಾದ. ಕಾಯುವಾಗ ಬಂದವರ ಟೋಪಿಗೆಲ್ಲ ಸಹಿ ಹಾಕಿದ. ಅವನ ಹಿಂದೆ ಮುಂದೆ ಕ್ಯಾಮೆರಾ ಹೊತ್ತವರು ನೊಣಗಳಂತೆ ಸುತ್ತುತ್ತಿದ್ದರು, ಅಷ್ಟೆ.

ನೋಲಾಗೆ ಆಗ ಅರವತ್ತೊಂದು. ಐಡಹೋದ ಟ್ವಿನ್ ಫಾಲ್ಸ್‌ನಲ್ಲಿ ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ವೆಲ್ಡರ್. ಸಾಲಿನಲ್ಲಿದ್ದ ಬಟಾಣಿ ಹಸಿರಿನ, ಛಾವಣಿಯಿಲ್ಲದ ಪುಟ್ಟ ಫೋರ್ಡು ಅವಳದೂ ಅಣ್ಣ ರೂಲನ್‌ನದೂ ಜಂಟಿ ಆಸ್ತಿ. ಮೈ ೧೯೨೯ರದು. ಎಂಜಿನ್ನು ಫ್ಲ್ಯಾಟ್‌ಹೆಡ್ ಎಂದು ಎಲ್ಲರೂ ಕರೆಯುವ ಹಳೆಯ ವಿ-ಎಂಟು. ಆ ಎಂಜಿನ್ನಿನ ಎರಡು ಮಗ್ಗುಲಿಗೂ ಮುಚ್ಚಳದಂತೆ ಎರಡು ಅಲ್ಯೂಮಿನಿಯಂ ಹೆಡ್ಡುಗಳು ಕೂರುತ್ತವೆ. ಪೆಟ್ರೋಲು ಹೊತ್ತಿಕೊಳ್ಳುವ ಗುಳಿಗಳಿರುವುದು ಆ ಹೆಡ್ಡಿನ ಒಳಮೈಯಲ್ಲಿ. ಗುಳಿ ಎಷ್ಟು ಆಳ, ಯಾವ ಕಡೆಗೆ ವಾಲಬೇಕು, ಅಂಚು ಎಲ್ಲಿ ಮೊಂಡಾಗಬೇಕು ಎನ್ನುವುದರಲ್ಲೇ ಎಂಜಿನ್ನಿನ ಜೀವ. ನೋಲಾ ಹನ್ನೊಂದು ಚಳಿಗಾಲ ತನ್ನ ಗ್ಯಾರೇಜಿನಲ್ಲಿ ಕೂತು ಜೇಡಿಮಣ್ಣಿನಲ್ಲಿ ಅಚ್ಚು ತೆಗೆದು, ಅಳೆದು, ಕೊರೆದು, ಹಾಳುಮಾಡಿ, ಮತ್ತೆ ಕೊರೆದು ಆ ಗುಳಿಯ ಆಕಾರ ಕಂಡುಹಿಡಿದಿದ್ದಳು. ಓಡಿಸುವುದು ರೂಲನ್‌ನ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಆ ಬಗೆಯ ಕಾರುಗಳ ವರ್ಗದಲ್ಲಿ ಗಂಟೆಗೆ ನೂರ ಅರವತ್ತೊಂಬತ್ತು ಮೈಲಿ ಚಿಲ್ಲರೆ ಓಡಿಸಿ ದಾಖಲೆ ಬರೆದಿದ್ದ. ಅದನ್ನು ಯಾರೂ ಮುರಿದಿರಲಿಲ್ಲ. ಅವನು ಮೇದೋಜೀರಕದ ಕ್ಯಾನ್ಸರಿನಲ್ಲಿ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ನೋಲಾ ತಾನೇ ಸೀಟಿಗೆ ಕೂರುತ್ತಿದ್ದಳು. ನೂರ ಅರವತ್ತೇಳರ ಮೇಲೆ ಅವಳಿಂದ ಆಗಿರಲಿಲ್ಲ.

ಆರ್ವಿಡ್ ಸ್ಟೆನ್ ರೂಲನ್‌ನ ಬಾಲ್ಯದ ಗೆಳೆಯ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದವನು, ವಯಸ್ಸು ಎಪ್ಪತ್ತು ದಾಟಿತ್ತು. ಕಾರನ್ನು ಹಿಂದಿನಿಂದ ತಳ್ಳಿ ವೇಗ ಕೊಡುವ ಪಿಕಪ್ಪು ಓಡಿಸುವುದು, ಓಟದ ಕೊನೆಗೆ ಕಾರನ್ನು ನಿಲ್ಲಿಸುವ ಪ್ಯಾರಾಚೂಟು ಮಡಚುವುದು ಅವನ ಪಾಲು. ಮಾತೊಂದು ಬಿಟ್ಟರೆ ಅವನಲ್ಲಿ ನೋಲಾಗೆ ದೂರಲು ಏನೂ ಇರಲಿಲ್ಲ. ರೂಲನ್‌ನ ಕೊನೆಯ ತಿಂಗಳು ದಿನವೂ ಬಂದು ಅವನ ಗಡ್ಡ ಹೆರೆದುಕೊಟ್ಟವನು ಅವನೇ.

ಬ್ರಾನಿಗನ್‌ನ ಕಾರೂ ಅದೇ ವರ್ಗದ್ದು. ಮೊದಲ ದಿನ ನೂರ ಅರವತ್ತೊಂದು, ಎರಡನೆಯ ದಿನ ನೂರ ಅರವತ್ಮೂರು. ಆ ಎರಡನೆಯ ಓಟದ ಕೊನೆಯಲ್ಲಿ ಹಬೆ ಕಾರುತ್ತಾ ನಿಂತುಬಿಟ್ಟಿತು.

ಮಧ್ಯಾಹ್ನ ಅವನು ನೋಲಾಳ ಟ್ರೇಲರಿನ ಹತ್ತಿರ ಬಂದ. ಕ್ಯಾಮೆರಾ ಇಲ್ಲ, ಜೊತೆಗೆ ಯಾರೂ ಇಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳ.

"ಮೇಡಂ, ನನ್ನ ಎಡಗಡೆ ಹೆಡ್ಡು ಸೀಳಿದೆ. ಬೇರೆ ತರಿಸೋಣ ಅಂದ್ರೆ ಕ್ಯಾಲಿಫೋರ್ನಿಯಾದಿಂದ ಬರೋಕೆ ಎರಡು ದಿನ. ನಿಮ್ಮ ಹತ್ರ ಒಂದು ಜೊತೆ ಹೆಚ್ಚಿಗೆ ಇದೆ ಅಂತ ಯಾರೋ ಹೇಳಿದ್ರು."

ಕಾರಿನ ಕೆಳಗಿದ್ದ ಆರ್ವಿಡ್ ಅಲ್ಲಿಂದಲೇ ಕೂಗಿದ: "ಯಾರೋ ಸುಳ್ಳು ಹೇಳಿದ್ರು!"

"ಇದೆ," ಎಂದಳು ನೋಲಾ. "ನಿನ್ನ ಪಿಸ್ಟನ್ ತಲೆ ಹೆಂಗಿದೆ? ಚಪ್ಪಟೆನಾ, ಉಬ್ಬಾ?"

ಬ್ರಾನಿಗನ್ ಸರಿಯಾಗಿಯೇ ಉತ್ತರ ಕೊಟ್ಟ. ಅವನಿಗೆ ಕೆಲಸ ಗೊತ್ತಿತ್ತು. ಆರ್ವಿಡ್ ಹೇಳಿದಷ್ಟು ದಡ್ಡನಾಗಿರಲಿಲ್ಲ. ಅವಳು ತೆಗೆದುಕೊಟ್ಟ ಹೆಡ್ಡಿನ ಗುಳಿಯ ಮೇಲೆ ಬೆರಳಾಡಿಸಿದಾಗ ಅವನ ಮುಖದಲ್ಲಿ ಮೂಡಿದ್ದು ನಾಟಕವೂ ಆಗಿರಲಿಲ್ಲ. "ಇದನ್ನ ಯಾರು ಮಾಡಿದ್ದು?" ಎಂದು ಮೆಲ್ಲನೆ ಕೇಳಿದ.

"ನಾನು."

"ಎಷ್ಟು ದಿನ ಹಿಡೀತು?"

"ಇನ್ನೂ ಮುಗಿದಿಲ್ಲ."

ಅವನು ಹೋದ ಮೇಲೆ ಆರ್ವಿಡ್ ಕಾರಿನಡಿಯಿಂದ ಹೊರಬಂದ. ಮುಖ ಕೆಂಪಾಗಿತ್ತು. "ನಿನಗೆ ಬುದ್ಧಿಗಿದ್ದಿ ಇದೆಯೇನೇ? ರೂಲನ್ ದಾಖಲೆ ಅದು. ಅವನ ಕೈಗೇ ಕೊಡಲಿ ಕೊಟ್ಟು ನಮ್ಮ ಮರ ಕಡಿ ಅಂತಿದೀಯಲ್ಲ!"

"ತೊಂಬತ್ನಾಲ್ಕರಲ್ಲಿ ನಮ್ಮ ಗೇರ್‌ಬಾಕ್ಸ್ ಒಡೆದಾಗ ಯಾರು ಕೊಟ್ರು? ನಮ್ಮ ಎದುರಾಳಿನೇ ಕೊಟ್ಟಿದ್ದು. ಕೊಡಲ್ಲ ಅನ್ನಬಹುದಿತ್ತು ಅವನೂ."

"ಅವನು ನಮ್ಮವನು ಕಣೇ. ಇವನು ಯಾರು?"

ನೋಲಾ ಹೆಡ್ಡುಗಳನ್ನು ಹೊದಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಎರಡರ ಮೂಲೆಯಲ್ಲೂ ಆರ್, ಎನ್, ಎಚ್ ಎಂಬ ಮೂರು ಅಕ್ಷರ ಉಳಿಯಿಂದ ಹೊಡೆದಿತ್ತು. ರೂಲನ್, ನೋಲಾ, ಹ್ಯಾಸ್ಕೆಟ್.

ಪೆಟ್ಟಿಗೆ ಕೊಡಲು ಹೋದಾಗ ಕೆಂಡ್ರಾ ಎಂಬ ಹುಡುಗಿ, ಕಾರ್ಯಕ್ರಮದ ನಿರ್ಮಾಪಕಿ, ಓಡಿಬಂದಳು. ಈ ಕ್ಷಣ ಬಹಳ ಸುಂದರ, ಇನ್ನೊಂದು ಸಲ ಕ್ಯಾಮೆರಾ ಮುಂದೆ ಕೊಡಬಹುದೇ ಎಂದಳು. ನೋಲಾ ಹಿಂದೆ ಹೋಗಿ ಮತ್ತೆ ನಡೆದುಬಂದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಆ ಕಡೆಯಿಂದ ಬನ್ನಿ ಎಂದರು. ಬಂದಳು. ಸ್ವಲ್ಪ ನಗುತ್ತಾ ಎಂದರು. ಮೂರನೆಯ ಸಲ ಇಪ್ಪತ್ತು ಕಿಲೋ ಲೋಹ ಹೊತ್ತು ನಗುವಾಗ ತಾನು ಸರ್ಕಸ್ಸಿನ ಕರಡಿ ಎನಿಸಿತು ಅವಳಿಗೆ. ಆದರೂ ನಕ್ಕಳು. ಆಮೇಲೆ ಮೂರು ಗಂಟೆ ಅವರ ಡೇರೆಯಲ್ಲಿ ನಿಂತು ಹೆಡ್ಡು ಕೂರಿಸಿದಳು. ಮಣ್ಣಿನ ಅಚ್ಚಿಟ್ಟು ಪಿಸ್ಟನ್ನಿಗೂ ಹೆಡ್ಡಿಗೂ ಎಷ್ಟು ಸಂದು ಎಂದು ನೋಡಿದಳು, ಒಂದೊಂದು ಹೆಡ್ಡಿನ ಇಪ್ಪತ್ತನಾಲ್ಕು ಬೋಲ್ಟನ್ನೂ ಸರದಿ ಪ್ರಕಾರ ಬಿಗಿದಳು, ಕಿಡಿ ಹಾರುವ ಹೊತ್ತನ್ನು ಎರಡು ಡಿಗ್ರಿ ಹಿಂದಕ್ಕೆ ಸರಿಸಿದಳು. ಬ್ರಾನಿಗನ್ ಅವಳ ಪಕ್ಕದಲ್ಲೇ ಇದ್ದು, ಹೇಳಿದ್ದನ್ನು ಎತ್ತಿಕೊಡುತ್ತಿದ್ದ.

ಆ ಮೂರು ಗಂಟೆಯಲ್ಲಿ ಆರ್ವಿಡ್ ಒಮ್ಮೆಯೂ ಆ ಕಡೆ ಸುಳಿಯಲಿಲ್ಲ. ಮುನಿಸಿಕೊಂಡಿದ್ದಾನೆ ಎಂದುಕೊಂಡಳು. ಅವಳು ತನ್ನ ಟ್ರೇಲರಿಗೆ ಮರಳಿದಾಗ ಅವನೂ ಎಲ್ಲಿಂದಲೋ ಬರುತ್ತಿದ್ದ. ತಲೆ ಬಾಚಿತ್ತು. ಕೆನ್ನೆಯ ಮೇಲೆ ಕ್ರೀಮಿನ ಬಿಳುಪಲ್ಲದ, ಚರ್ಮದ ಬಣ್ಣದ್ದೇ ಏನೋ ತೆಳ್ಳಗೆ ಅಂಟಿತ್ತು.

"ಇದೇನೋ?"

"ಆ ಹುಡುಗಿ, ಕೆಂಡ್ರಾ, ರೂಲನ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಪ್ರಾಣ ತಿಂದ್ಲು. ಬೆವರು ಹೊಳೆಯುತ್ತೆ ಅಂತ ಪೌಡರ್ ಹಚ್ಚಿದ್ರು." ಅವನು ತೋಳಿನಿಂದ ಮುಖ ಒರೆಸಿಕೊಂಡ. "ರೂಲನ್ ಹೆಸರು ಬರ್ಲಿ ಅಂತ ಒಪ್ಕೊಂಡೆ. ಇನ್ನೇನಿಲ್ಲ."

"ಒಳ್ಳೇದೇ ಆಯ್ತು," ಎಂದಳು ನೋಲಾ. ನಿಜವಾಗಿಯೂ ಹಾಗೇ ಅನಿಸಿತ್ತು ಅವಳಿಗೆ.

ಸಂಜೆಗೆ ಮುಂಚೆ ಬ್ರಾನಿಗನ್ ನೂರ ಎಪ್ಪತ್ತೆರಡು ಓಡಿದ. ಮೊದಲ ಓಟ ಹಳೆಯ ದಾಖಲೆ ಮೀರಿದರೆ ಮಾತ್ರ ಮರುದಿನ ಬೆಳಿಗ್ಗೆ ತಂಪಿನಲ್ಲಿ ಎರಡನೆಯ ಓಟ; ಎರಡರ ಸರಾಸರಿಯೇ ದಾಖಲೆ. ಎರಡರ ಸರಾಸರಿ ನೂರ ಎಪ್ಪತ್ತೊಂದು ಚಿಲ್ಲರೆ ಎಂದು ರೇಡಿಯೋದಲ್ಲಿ ಸಾರಿದಾಗ ನೋಲಾ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತಿದ್ದಳು. ಸುತ್ತಲಿನವರು ಅವಳ ಕಡೆ ನೋಡಿದರು. ಅವಳು ಚಪ್ಪಾಳೆ ತಟ್ಟಿದಳು. ಅಂಗೈಗಳು ಒಂದಕ್ಕೊಂದು ತಾಗುತ್ತಿದ್ದವು, ಸದ್ದು ಮಾತ್ರ ಬೇರೆ ಯಾರದೋ ಎನ್ನುವಂತೆ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ದಾಖಲೆಗಳ ಪುಸ್ತಕದಲ್ಲಿ ಕೂತಿದ್ದ ಅಣ್ಣನ ಹೆಸರು ಅಳಿಸಿತು. ಅಳಿಸಿದ್ದು ತಾನೇ, ತನ್ನ ಕೈಯಿಂದಲೇ. ಆದರೆ ಇನ್ನೊಂದು ಮಾತೂ ಎದೆಯ ಮೂಲೆಯಲ್ಲಿ ಮಿಸುಕಿತು: ಹೆಡ್ಡು ನನ್ನದು. ನೂರ ಎಪ್ಪತ್ತೊಂದು ಓಡಿದ್ದು ನನ್ನ ಗುಳಿ.

ಬ್ರಾನಿಗನ್ ಬಂದು ಅವಳನ್ನು ತಬ್ಬಿಕೊಂಡ. ಕ್ಯಾಮೆರಾ ಮುಂದೆಯೇ, ನೆರೆದವರ ಮುಂದೆಯೇ ಹೇಳಿದ: "ಈ ದಾಖಲೆಯಲ್ಲಿ ಅರ್ಧ ಈ ಹೆಂಗಸಿನದು. ಈ ಹೆಡ್ಡು ಮಾಡಿದ ಕೈ ಇದು, ನೋಡಿ." ಅವಳ ಕೈಯನ್ನು ಎತ್ತಿ ತೋರಿಸಿದ. ಉಗುರಿನ ಸಂದಿಯ ಗ್ರೀಸು ಎಲ್ಲರಿಗೂ ಕಾಣುವಂತೆ. ಜನ ಕೂಗಿದರು. ನೋಲಾ ಕಣ್ಣು ಒರೆಸಿಕೊಂಡಳು. ಹೆಡ್ಡುಗಳನ್ನು ಇನ್ನೊಂದೆರಡು ಕಡೆ ಚಿತ್ರೀಕರಿಸಿ ಕಳಿಸಿಕೊಡುತ್ತೇವೆ ಎಂದರು. ಆಯಿತು ಎಂದಳು.

ಅಕ್ಟೋಬರಿನಲ್ಲಿ ಪೆಟ್ಟಿಗೆ ಬಂತು. ಅವಳ ಹಳೆಯ ಹೊದಿಕೆಯ ಬದಲು ಒಳಗೆ ಕಪ್ಪು ಸ್ಪಂಜು. ಹೆಡ್ಡುಗಳಿಗೆ ಕನ್ನಡಿಯಂತೆ ಹೊಳಪು ಕೊಟ್ಟಿದ್ದರು. ಮೂಲೆಯಲ್ಲಿದ್ದ ಮೂರು ಅಕ್ಷರ ಉಜ್ಜಿ ತೆಗೆದು ಅದೇ ಜಾಗದಲ್ಲಿ ಮಿಂಚಿನ ಗುರುತಿನ ಜೊತೆ 'ತುಕ್ಕು-ಗುಡುಗು' ಎಂದು ಕೊರೆಸಿದ್ದರು. ಜೊತೆಗೆ ಒಂದು ಚೀಟಿ: ನಮ್ಮ ಕಡೆಯಿಂದ ಪುಟ್ಟ ಕಾಣಿಕೆ, ಪ್ರೀತಿಯಿಂದ, ಕೆಂಡ್ರಾ.

ನೋಲಾ ಬಹಳ ಹೊತ್ತು ಆ ನಯವಾದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದಳು. ಆರ್ವಿಡ್‌ಗೆ ಫೋನು ಮಾಡಿ ಹೇಳಿದಳು. ಎಷ್ಟು ಬೈಯುತ್ತಾನೋ ಎಂದುಕೊಂಡಿದ್ದರೆ ಅವನು, "ಹೊಳಪು ಚೆನ್ನಾಗಿ ಬಂದಿದ್ಯಾ?" ಎಂದ.

ಜನವರಿಯಲ್ಲಿ ಆ ಕಂತು ಬರುವ ದಿನ ಟ್ವಿನ್ ಫಾಲ್ಸ್‌ನ ಹಳೆ ಕಾರಿನವರ ಕ್ಲಬ್ಬು ತನ್ನ ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿತು. ಹೊರಗೆ ಮೊಣಕಾಲೆತ್ತರ ಹಿಮ. ಒಳಗೆ ಎರಡು ಪಾತ್ರೆಯಲ್ಲಿ ಮಾಂಸ-ಹುರುಳಿಯ ಖಾರದ ಸಾರು, ಜೋಳದ ಬ್ರೆಡ್ಡು, ಮೂವತ್ತು ಮೂವತ್ತೈದು ಜನ. ಬಸ್ ಶೆಡ್ಡಿನಿಂದ ನೋಲಾಳ ಗೆಳತಿ ಮೈತೆಯೂ ಬಂದಿದ್ದಳು; ಹದಿನೆಂಟು ವರ್ಷದಿಂದ ಶಾಲೆಯ ಹಳದಿ ಬಸ್ಸು ಓಡಿಸುವ, ಬಾಸ್ಕ್ ವಲಸಿಗರ ಮನೆತನದ ಹೆಂಗಸು, ದನಿ ಹಾರ್ನಿನಂಥದ್ದು. ಆರ್ವಿಡ್ ಹೊಸ ಅಂಗಿ ತೊಟ್ಟು ಬಂದು ನೋಲಾಳ ಪಕ್ಕದಲ್ಲೇ ಕೂತ.

ಕಂತಿನ ಮೊದಲ ಭಾಗದಲ್ಲಿ ಬ್ರಾನಿಗನ್ ಕ್ಯಾಲಿಫೋರ್ನಿಯಾದ ತನ್ನ ವರ್ಕ್‌ಶಾಪಿನಲ್ಲಿ ಕೊರೆಯುವ ಯಂತ್ರದ ಮುಂದೆ ನಿಂತಿದ್ದ. ಅಲ್ಯೂಮಿನಿಯಂ ಚೂರುಗಳು ನಿಧಾನಕ್ಕೆ ಹಾರುತ್ತಿದ್ದವು. "ಇಡೀ ಗುಟ್ಟು ಇರೋದು ಈ ಗುಳೀಲಿ," ಎಂದ ಅವನು ಪರದೆಯಲ್ಲಿ. ಕ್ಯಾಮೆರಾ ಹತ್ತಿರ ಹೋಯಿತು. ಯಂತ್ರದ ಮೇಲಿದ್ದುದು ನೋಲಾಳ ಹೆಡ್ಡು. ಎರಡನೆಯ ಗುಳಿಯ ಅಂಚಿನಲ್ಲಿ ಅವಳ ಉಳಿ ಜಾರಿದ ಒಂದು ಗೀರಿತ್ತು, ಅದೂ ಕಂಡಿತು.

"ಅಯ್ಯೋ ಇವನ!" ಎಂದಳು ಮೈತೆ ಜೋರಾಗಿ. ಯಾರೋ ಉಶ್ ಎಂದರು.

ನೋಲಾ ಬಂದದ್ದು ಮೂರು ಸೆಕೆಂಡು. ಮೂಗಿನ ತುಂಬ ಬಿಳಿ ಕ್ರೀಮು, ಕೈಯಲ್ಲಿ ಪೆಟ್ಟಿಗೆ, ಹಲ್ಲು ಬಿಟ್ಟುಕೊಂಡು ನಡೆದುಬರುತ್ತಿದ್ದಾಳೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಯಾರೂ ಹೇಳಲಿಲ್ಲ. ಕೈ ಎತ್ತಿ ತೋರಿಸಿದ್ದು ಬರಲಿಲ್ಲ.

ಆಮೇಲೆ ಆರ್ವಿಡ್ ಬಂದ. ಇಳಿಬಿಸಿಲು ಅವನ ಬಿಳಿ ಕೂದಲಿನ ಹಿಂದೆ ಪ್ರಭಾವಳಿ ಕಟ್ಟಿತ್ತು. ಕೆಳಗೆ ಅಕ್ಷರ ಮೂಡಿತು: ಆರ್ವಿಡ್ ಸ್ಟೆನ್, ಉಪ್ಪಿನ ಋಷಿ. ಹಾಲಿನಲ್ಲಿ ಶಿಳ್ಳೆ ಬಿತ್ತು. ಪರದೆಯ ಆರ್ವಿಡ್ ನಿಧಾನವಾಗಿ, ತೂಕದ ಮಾತಿನಲ್ಲಿ ಹೇಳುತ್ತಿದ್ದ. ಅಂಥ ದನಿಯಲ್ಲಿ ಅವನು ಮಾತಾಡಿದ್ದನ್ನು ನೋಲಾ ಜನ್ಮದಲ್ಲಿ ಕೇಳಿರಲಿಲ್ಲ.

"ರೂಲನ್ನೂ ನಾನೂ ಆ ಎಂಜಿನ್ನನ್ನ ಸೊನ್ನೆಯಿಂದ ಕಟ್ಟಿದ್ವಿ. ಹನ್ನೊಂದು ಚಳಿಗಾಲ. ಬೆರಳು ಮರಗಟ್ಟೋದು, ಬಿಡ್ತಿರಲಿಲ್ಲ."

"ಮತ್ತೆ ಅವರ ತಂಗಿ?" ಎಂದು ಕೇಳಿತು ಕೆಂಡ್ರಾಳ ದನಿ.

"ನೋಲಾನಾ? ನೋಲಾ ಸ್ಯಾಂಡ್‌ವಿಚ್ ಮಾಡ್ಕೊಡೋಳು." ಪರದೆಯ ಆರ್ವಿಡ್ ಕಣ್ಣು ಮಿಟುಕಿಸಿದ. "ಒಳ್ಳೇ ಸ್ಯಾಂಡ್‌ವಿಚ್."

ಹಾಲಿನಲ್ಲಿ ನಾಲ್ಕೈದು ಜನ ಗೊಳ್ಳೆಂದರು. ನಕ್ಕ ಮೇಲೆ ಅವರಿಗೆ ಅರ್ಥವಾಯಿತು, ಗಂಟಲು ಸರಿಮಾಡಿಕೊಂಡರು. ಕಂತು ಮುಂದುವರಿಯಿತು. ಬ್ರಾನಿಗನ್ ಓಡಿದ, ಗೆದ್ದ, ಆರ್ವಿಡ್‌ನ ಹೆಗಲ ಮೇಲೆ ಕೈಹಾಕಿ ದಿಗಂತ ನೋಡಿದ. ದೀಪ ಹತ್ತಿದಾಗ ಎಲ್ಲರೂ ಸಾರಿನ ಪಾತ್ರೆಯ ಕಡೆ ಒಟ್ಟಿಗೆ ಎದ್ದರು.

"ನೋಲಾ," ಎಂದ ಆರ್ವಿಡ್. "ತಮಾಷೆಗೆ ಹೇಳಿದ್ದು ಕಣೇ. ಮುಂದೆ ಎಲ್ಲಾ ಹೇಳಿದ್ದೆ, ನೀನು ಕೊರೆದಿದ್ದು, ಮಾಡಿದ್ದು. ಅವರು ಕತ್ತರಿಸಿ ಬಿಟ್ಟಿದಾರೆ. ಟೀವಿಯವರ ಹಣೆಬರಹ ಗೊತ್ತಲ್ಲ ನಿಂಗೆ."

"'ರೂಲನ್ನೂ ನಾನೂ' ಅಂದ್ಯಲ್ಲ. ಅದನ್ನ ಅವರು ಎಲ್ಲಿಂದ ಕತ್ತರಿಸಿ ತಂದ್ರು?"

ಆರ್ವಿಡ್ ಕೂತಲ್ಲೇ ಟೋಪಿಯನ್ನು ತಿರುವಿದ.

"ಎದ್ದು ಹೇಳು," ಎಂದಳು ನೋಲಾ. ದನಿ ಏರಿಸಲಿಲ್ಲ. "ಇಲ್ಲಿ ಕ್ಯಾಮೆರಾ ಇಲ್ಲ, ಕತ್ತರಿಸೋರೂ ಇಲ್ಲ. ಹೆಡ್ಡು ಕೊರೆದೋರು ಯಾರು ಅಂತ ಈ ಮೂವತ್ತು ಜನಕ್ಕೆ ಹೇಳು."

"ಎಲ್ರಿಗೂ ಗೊತ್ತಿರೋದೇ ಅಲ್ವಾ…"

"ಗೊತ್ತಿದ್ರೆ ಯಾಕೆ ನಕ್ರು?"

"ನೀನು," ಎಂದ ಅವನು, ತನ್ನ ಬೂಟಿಗೆ ಹೇಳುವಂತೆ.

"ಕೇಳಿಸ್ಲಿಲ್ಲ!" ಎಂದಳು ಮೈತೆ ಹಿಂದಿನಿಂದ.

ಆಗ ಕ್ಲಬ್ಬಿನ ಅಧ್ಯಕ್ಷ, ಒಳ್ಳೆಯ ಮನುಷ್ಯ, ನಡುವೆ ಬಂದ. "ಹೋಗ್ಲಿ ಬಿಡು ನೋಲಾ. ಟೀವಿ ಅಂದ್ರೆ ಹಂಗೇ. ನಮ್ಮ ಊರಿನ ಒಬ್ಬ ಬಂದ್ನಲ್ಲ, ಅದೇ ದೊಡ್ಡದು. ಆರ್ವಿಡ್‌ಗೂ ವಯಸ್ಸಾಯ್ತು. ಸಾರು ಆರ್ತಾ ಇದೆ ಬನ್ನಿ."

ಅವರೆಲ್ಲರೂ ತಿಂಗಳುಗಟ್ಟಲೆ ಟೀವಿಯವರನ್ನು ಬೈದವರೇ. ಈಗಲೂ ಬೈಯುತ್ತಿದ್ದರು, ಸಾರಿನ ಬಟ್ಟಲು ಹಿಡಿದು. ಮೋಸಗಾರರು, ಪೌಡರ್ ಮುಖದವರು, ಕಳ್ಳರು. ಪರದೆಯಲ್ಲಿ ಬಂದವರೆಲ್ಲ ಬೈಗುಳದ ಪಾಲಾದರು, ಇಬ್ಬರನ್ನು ಬಿಟ್ಟು: ಉಪ್ಪು ಮತ್ತು ಆರ್ವಿಡ್. ಕೋಟು ಹಾಕಿಕೊಳ್ಳುವಾಗ ನೋಲಾ ನೋಡಿದಳು, ಇಬ್ಬರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆ ಚಳಿಗಾಲ ಆರ್ವಿಡ್ ಎರಡು ಸಲ ಅವಳ ಗ್ಯಾರೇಜಿಗೆ ಬಂದ. ಮೊದಲ ಸಲ ಅವಳು ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ತೆಗೆದು, ಅಲ್ಲಿದ್ದ ಅವನ ಉಪಕರಣಗಳನ್ನೂ ಪ್ಯಾರಾಚೂಟು ಮಡಚುವ ಹಲಗೆಯನ್ನೂ ತಂದು ಮೆಟ್ಟಿಲ ಮೇಲಿಟ್ಟಳು. "ಗಡ್ಡ ಹೆರೆದುಕೊಟ್ಟಿದ್ದೆ ಅವನಿಗೆ," ಎಂದ ಆರ್ವಿಡ್. "ಗೊತ್ತು," ಎಂದಳು ಅವಳು. "ಅದಕ್ಕೇ ಬೈತಾ ಇಲ್ಲ." ವಸಂತದ ಹೊತ್ತಿಗೆ ಬೋಯ್ಸಿಯಲ್ಲಿ, ಪೊಕಟೆಲೊದಲ್ಲಿ, ಹಳೆ ಕಾರಿನ ಮೇಳಗಳಲ್ಲಿ ಅವನಿಗೆ ಕುರ್ಚಿ ಹಾಕಿ ಕೂರಿಸುತ್ತಿದ್ದಾರೆ, ಟೋಪಿಗಳಿಗೆ ಸಹಿ ಹಾಕುತ್ತಿದ್ದಾನೆ ಎಂದು ಸುದ್ದಿ ಬಂತು.

ನೋಲಾ ಹೊಸ ಹೆಡ್ಡು ಕೊರೆದಳು. ಹೊಳಪು ಕೊಟ್ಟ ಜೊತೆಯನ್ನು ಮುಟ್ಟಲು ಮನಸ್ಸಾಗಲಿಲ್ಲ. ಗುಳಿಯನ್ನು ಕೂದಲೆಳೆಯಷ್ಟು ಆಳ ಮಾಡಿದಳು, ಅಂಚನ್ನು ಇನ್ನಷ್ಟು ಒಳಕ್ಕೆ ತಂದಳು. ಮುಂದಿನ ಆಗಸ್ಟಿನಲ್ಲಿ ಪಿಕಪ್ಪು ಓಡಿಸಲು ಮೈತೆ ಬಂದಳು. "ಐವತ್ತು ಮಕ್ಕಳಿರೋ ಬಸ್ಸು ಐಸಿನ ಮೇಲೆ ಓಡಿಸ್ತೀನಿ. ನಿನ್ನ ಡಬ್ಬಿ ತಳ್ಳೋದೇನು ಮಹಾ," ಎಂದಳು.

ಬ್ರಾನಿಗನ್ ಬಂದಿರಲಿಲ್ಲ. ಅವನ ಕಾರ್ಯಕ್ರಮ ಈಗ ದೋಣಿ ಕಟ್ಟುವುದಕ್ಕೆ ತಿರುಗಿದೆಯಂತೆ, ಫ್ಲಾರಿಡಾದಲ್ಲಿ ಇದ್ದಾನಂತೆ. ಸಾಲಿನಲ್ಲಿ ನಿಂತವರು ಅದಕ್ಕೂ ಅವನನ್ನು ಬೈದರು. ಬಂದರೆ ಯಾಕೆ ಬಂದ ಎಂದವರು ಬಾರದಿದ್ದರೆ ನೋಡಿದ್ರಾ, ಬರಲೇ ಇಲ್ಲ ಎಂದರು. ನೋಲಾಗೆ ಆದದ್ದು ಬೇರೆಯೇ ಸಂಕಟ. ಅವನು ಎದುರಿಗಿದ್ದರೆ ಓಡಿ ತೋರಿಸಬಹುದಿತ್ತು. ಪುಸ್ತಕದಲ್ಲಿ ಅವನ ಹೆಸರಿದೆ, ಆ ಪುಸ್ತಕ ಅವನಿಗೆ ನೆನಪೂ ಇರಲಾರದು.

ಮೂರನೆಯ ದಿನ ಬೆಳಿಗ್ಗೆ ಗಾಳಿ ನಿಂತಿತ್ತು. ಮೈತೆ ಹಿಂದಿನಿಂದ ತಳ್ಳಿದಳು, ವೇಗ ಗಂಟೆಗೆ ಅರವತ್ತು ಮೈಲಿ ಮುಟ್ಟಿದಾಗ ನೋಲಾ ಗೇರು ಹಾಕಿ ಹೊರಟಳು. ಮೊದಲ ಮೈಲಿಯಲ್ಲಿ ಉಪ್ಪು ಒದ್ದೆಯಾಗಿತ್ತು, ಕಾರು ಹಿಂಬದಿ ಬೀಸಿತು, ಅವಳು ಬಿಡಲಿಲ್ಲ. ಎರಡನೆಯ ಮೈಲಿಯಲ್ಲಿ ಎಂಜಿನ್ನು ಒಂದೇ ಸ್ವರಕ್ಕೆ ಬಂತು. ಅಂಥ ಸ್ವರವನ್ನು ಅವಳು ರೂಲನ್‌ನ ದಾಖಲೆಯ ದಿನ ದೂರದಲ್ಲಿ ನಿಂತು ಕೇಳಿದ್ದಳು, ಈಗ ಅದರ ಒಳಗೇ ಕೂತಿದ್ದಳು. ಮೂರನೆಯ ಮೈಲಿಯ ಫಲಕ ದಾಟಿದಾಗ ಅವಳಿಗೆ ಗೊತ್ತಾಯಿತು: ಇಷ್ಟು ವೇಗ ಅವಳು ಎಂದೂ ಓಡಿರಲಿಲ್ಲ.

ವೇಗದ ಚೀಟಿ ಕೊಡುವ ಟ್ರೇಲರಿನಲ್ಲಿ ಹೊಸ ಸ್ವಯಂಸೇವಕನೊಬ್ಬ ಕೂತಿದ್ದ. ಮೂವತ್ತರ ಆಸುಪಾಸು, ಮುಖ ಆಗಲೇ ಸುಟ್ಟು ಸಿಪ್ಪೆ ಏಳುತ್ತಿತ್ತು. ಚೀಟಿ ಹರಿದು ಕೊಟ್ಟ. ನೂರ ಎಪ್ಪತ್ತು ಬಿಂದು ಆರು. ರೂಲನ್‌ಗಿಂತ ಹೆಚ್ಚು. ಬ್ರಾನಿಗನ್‌ಗಿಂತ ಕಡಿಮೆ. ಎರಡನೆಯ ಓಟಕ್ಕೆ ಅರ್ಹತೆಯೂ ಇಲ್ಲ.

"ಹ್ಯಾಸ್ಕೆಟ್," ಎಂದು ಅವನು ಹೆಸರು ಓದಿದ. ಕಣ್ಣರಳಿತು. "ಟೀವೀಲಿ ಆ ಅಜ್ಜ ಹೇಳ್ತಿದ್ರಲ್ಲ, ರೂಲನ್ ಹ್ಯಾಸ್ಕೆಟ್, ಅವರು ನಿಮಗೇನಾಗ್ಬೇಕು?"

"ಅಣ್ಣ."

"ಅಬ್ಬಾ, ಎಂಥಾ ಮನುಷ್ಯ! ಅಂಥ ಎಂಜಿನ್ನು ಕಟ್ಟೋ ಕೈ ಈಗ ಎಲ್ಲಿದೆ ಹೇಳಿ ಮೇಡಂ. ಆ ಕಂತು ನೋಡಿಯೇ ನಾನು ಇಲ್ಲಿಗೆ ಬಂದಿದ್ದು."

ನೋಲಾ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಅವನಾ?" ಎಂದಳು. "ಅವನಿಗೆ ಒಂದು ಪ್ಲಗ್ಗು ನೆಟ್ಟಗೆ ಬಿಗಿಯೋಕೆ ಬರ್ತಿರಲಿಲ್ಲ. ಎಂಜಿನ್ನಿನ ಹತ್ರ ಬಂದ್ರೆ ನಾನೇ ಆಚೆ ಕಳಿಸ್ತಿದ್ದೆ, ಎಡವಟ್ಟ ಅಂತ."

ಅವನು ಅದನ್ನು ತಮಾಷೆ ಎಂದುಕೊಂಡು ದೊಡ್ಡದಾಗಿ ನಕ್ಕ. ಅವಳು ನಗಲಿಲ್ಲ. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಆದರೆ ನಲವತ್ತು ವರ್ಷ ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಊಟದ ಮೇಜಿನಲ್ಲಿ ಅಣ್ಣ-ತಂಗಿ ಇಬ್ಬರೇ ಇದ್ದಾಗ ಅವನೇ ಹೇಳಿಕೊಂಡು ನಗುತ್ತಿದ್ದ ಮಾತು ಅದು.

ಮೈತೆ ಪಿಕಪ್ಪು ತಂದು ನಿಲ್ಲಿಸಿದಳು. "ಎಷ್ಟು ಬಂತೇ?"

ನೋಲಾ ಚೀಟಿ ಕೊಟ್ಟಳು. ಮೈತೆ ಓದಿ, ಅವಳ ಮುಖ ನೋಡಿದಳು. "ನಿನ್ನ ಜೀವಮಾನದ ಓಟ ಇದು! ಯಾಕೆ ಹಿಂಗೆ ನಿಂತಿದೀಯ, ಯಾರೋ ಸತ್ತೋಗಿರೋ ಥರ?"

"ಹಗ್ಗ ಕಟ್ಟು," ಎಂದಳು ನೋಲಾ. ಕಾರಿನ ಚಕ್ರಕ್ಕೆ ಮೆತ್ತಿದ ಉಪ್ಪು ಆಗಲೇ ಒಣಗಿ ಕಲ್ಲಾಗುತ್ತಿತ್ತು. ಅವಳು ಮೊಣಕಾಲೂರಿ ಕೂತು, ಪಿಕಪ್ಪಿನಲ್ಲಿ ಸಿಕ್ಕ ಊಟದ ಚಮಚದಿಂದ ಅದನ್ನು ಕೆರೆಯತೊಡಗಿದಳು.